ಸ್ಟೇಷನ್ ಮಾಸ್ತರನ ನಮಸ್ಕಾರ

ಆಟದ ರೈಲಿನ ಹುಚ್ಚು ಹತ್ತಿದ ಸಂಘವೊಂದು ಮಡಚಿ ಒಯ್ಯುವ ಹಲಗೆಗಳ ಮೇಲೆ ಪುಟ್ಟ ಜಪಾನನ್ನೇ ಕಟ್ಟಿತ್ತು. ಅಲ್ಲಿನ ಬುಲೆಟ್ ರೈಲಿಗೆ ಇನ್ನಿಲ್ಲದ ಜಂಬ. ಅದು ನಿಲ್ದಾಣಕ್ಕೆ ಬಂದಾಗಲೆಲ್ಲ ಪ್ಲಾಸ್ಟಿಕ್ ಸ್ಟೇಷನ್ ಮಾಸ್ತರ ಸೊಂಟ ಬಗ್ಗಿಸಿ ನಿಂತಿರುತ್ತಿದ್ದ.

"ಯೋಗ್ಯತೆ ಕಂಡರೆ ಸೊಂಟ ತಾನಾಗಿ ಬಗ್ಗುತ್ತದೆ," ಎಂದು ಅದು ಪಕ್ಕದ ಹಳಿಯ ಗೂಡ್ಸ್ ಗಾಡಿಗೆ ಬುದ್ಧಿ ಹೇಳುತ್ತಿತ್ತು.

ಪ್ರದರ್ಶನದ ದಿನ ಜನ ಕಿಕ್ಕಿರಿದಿದ್ದಾಗಲೇ ಬುಲೆಟ್ ರೈಲು ಹಲಗೆಗಳ ಸಂದಿನಲ್ಲಿ ಹಳಿ ತಪ್ಪಿ ಮಗುಚಿಬಿತ್ತು. ಸಂಘದವರು ಅದನ್ನೆತ್ತಿ ಬಣ್ಣದ ಭತ್ತದ ಗದ್ದೆಯಲ್ಲಿ ಮಲಗಿಸಿ, ಗೂಡ್ಸ್ ಗಾಡಿಯನ್ನು ಓಡಿಸಿದರು. ಮಾಸ್ತರ ಅದಕ್ಕೂ ಅಷ್ಟೇ ಬಗ್ಗಿ ನಿಂತಿದ್ದ.

"ಏನಯ್ಯಾ, ಕಲ್ಲಿದ್ದಲು ಹೊರುವವನಿಗೂ ನಮಸ್ಕಾರವೇ?" ಎಂದು ಬುಲೆಟ್ ರೈಲು ಮಲಗಿದಲ್ಲಿಂದಲೇ ಗುಡುಗಿತು.

"ಸ್ವಾಮಿ, ನನ್ನನ್ನು ಅಚ್ಚಿನಲ್ಲೇ ಬಗ್ಗಿಸಿದ್ದಾರೆ. ಪಾದಕ್ಕೆ ಅಂಟು ಬೇರೆ ಹಾಕಿದ್ದಾರೆ. ನೀವು ಬರುವ ಮುಂಚೆ ಬರೀ ಗೋಡೆಗೂ ಹೀಗೇ ಬಗ್ಗಿದ್ದೆ," ಎಂದ ಮಾಸ್ತರ.

ಅಷ್ಟರಲ್ಲಿ ಮೇಲಿನ ತೊಲೆಯಿಂದ ಜಾರಿಬಿದ್ದ ಹಲ್ಲಿಯೊಂದು ಹಳಿಯ ಮೇಲೆ ತೆವಳುತ್ತ ನಿಲ್ದಾಣದ ಮುಂದೆ ಬಂತು. ಬಗ್ಗಿ ನಿಂತ ಮಾಸ್ತರನನ್ನು ಕಂಡು ತಟ್ಟನೆ ತಲೆಯೆತ್ತಿತು. ಆಮೇಲೆ ಗದ್ದೆಯಲ್ಲಿ ಬಿದ್ದವನತ್ತ ತಿರುಗಿ, ಲೊಚಗುಟ್ಟಿ ಹೇಳಿತು:

"ನೋಡಿ ಕಲಿತುಕೋ ತಮ್ಮಾ. ಯೋಗ್ಯತೆ ಕಂಡರೆ ಸೊಂಟ ತಾನಾಗಿ ಬಗ್ಗುತ್ತದೆ."