ಮೂರನೆಯ ಪಟ್ಟಿ

"ನಂಬಿದವರನ್ನು ಮತ್ತೊಮ್ಮೆ ಕೇಳಿದರೆ ಅದು ಅವರಿಗೆ ಅವಮಾನವಲ್ಲವೇ, ಗುರುಗಳೇ?"

ಕೇಳಿದವನು ಹೊಸದಾಗಿ ಪಾಠಕ್ಕೆ ಸೇರಿದ್ದ ಶಿಷ್ಯ. ಗುರುಗಳು ನಕ್ಕರು. ಅವರು ಯಾವ ಪ್ರಶ್ನೆಗಾದರೂ ಮೊದಲು ನಗುವವರೇ.

"ಒಂದು ಕಾರು. ಅದರ ಹಿಂದೆ ಸೈಕಲ್ ಹೊರುವ ಕಬ್ಬಿಣದ ಚೌಕಟ್ಟು. ಎರಡು ಸೈಕಲ್ಲು, ಅವನ್ನು ಬಿಗಿಯಲು ಮೂರು ಪಟ್ಟಿ. ಕಟ್ಟುವವರು ಇಬ್ಬರು, ಅಣ್ಣ ಮತ್ತು ತಮ್ಮ. ಎರಡು ಪಟ್ಟಿ ಬಿಗಿದರು, ಮೂರನೆಯದು ಸಡಿಲವಾಗಿಯೇ ಉಳಿಯಿತು. ಏಕೆ? ಊಹಿಸು ನೋಡೋಣ."

"ಸೋಮಾರಿತನ," ಎಂದ ಶಿಷ್ಯ.

"ಅಲ್ಲ. ಇಬ್ಬರೂ ಕೆಲಸಗಾರರೇ."

"ಹಾಗಾದರೆ ಜಗಳ."

"ಜಗಳವಾಡಿದ್ದರೆ ಒಳ್ಳೆಯದಿತ್ತಪ್ಪ. ಕೇಳು."

ಒಬ್ಬ ಅಣ್ಣನಿದ್ದ, ಅವನಿಗೊಬ್ಬ ತಮ್ಮನಿದ್ದ. ಇಬ್ಬರದೂ ತಲೆ ನರೆತಿತ್ತು. ಊರಾಚೆಯ ಕೆರೆ ಏರಿಯ ಮೇಲೆ ಸೈಕಲ್ ತುಳಿಯಲು ರಜೆಯ ದಿನ ಬೆಳಿಗ್ಗೆ ಹೊರಟರು. ಮೇಲಿನ ಎರಡು ಪಟ್ಟಿಗಳನ್ನು ಇಬ್ಬರೂ ಸೇರಿ ಎಳೆದು ಬಿಗಿದರು. ಅಣ್ಣ ಕಾರಿನ ಮುಂದೆ ಹೋಗಿ ಗಾಜು ಒರೆಸುತ್ತಾ, "ಕೆಳಗಿನ ಪಟ್ಟಿ ಬಿಗಿ ಮಾಡೋ," ಎಂದ.

"ಆಯ್ತಣ್ಣ," ಎಂದ ತಮ್ಮ.

ನಮ್ಮ ಈ 'ಆಯ್ತು' ಎಂಬ ಮಾತು ನೋಡು, ಬಹಳ ವಿಚಿತ್ರ. ಮಾಡಿ ಮುಗಿಸಿದವನೂ ಆಯ್ತು ಎನ್ನುತ್ತಾನೆ. ಇನ್ನು ಮಾಡಬೇಕಾದವನೂ ಆಯ್ತು ಎನ್ನುತ್ತಾನೆ. ತಮ್ಮ ಹೇಳಿದ್ದು ಎರಡನೆಯದು. ಅಣ್ಣನಿಗೆ ಕೇಳಿಸಿದ್ದು ಮೊದಲನೆಯದು. ಅಷ್ಟರಲ್ಲಿ ಒಳಗಿನಿಂದ ಅತ್ತಿಗೆ ಕಾಫಿಗೆ ಕರೆದಳು. ತಮ್ಮ ಹೋದ.

ಸೈಕಲ್ ಕಟ್ಟಿದ ಮೇಲೆ ಅದನ್ನು ಹಿಡಿದು ಅಲ್ಲಾಡಿಸಬೇಕು. ಸೈಕಲ್ಲಿನ ಜೊತೆಗೆ ಕಾರೂ ಅಲ್ಲಾಡಿದರೆ ಕಟ್ಟಿದ್ದು ಸರಿ. ಅಣ್ಣನಿಗೆ ಇದು ಗೊತ್ತಿತ್ತು. ಹಿಂದೆ ಬಂದು ಕೈ ಚಾಚಿದ. ಕಾಫಿ ಮುಗಿಸಿದ ತಮ್ಮ ಬಾಗಿಲಿಗೆ ಬಂದಿದ್ದ. ಮೊಮ್ಮಕ್ಕಳನ್ನು ಕಂಡ ತಮ್ಮನ ಕೆಲಸವನ್ನು ಅವನ ಕಣ್ಣೆದುರೇ ಪರೀಕ್ಷಿಸುವುದೇ ಎಂದು ಅಣ್ಣನಿಗೆ ಸಂಕೋಚವಾಯಿತು. ಪಟ್ಟಿಯನ್ನು ಸುಮ್ಮನೆ ಸವರಿ ಕೈ ಹಿಂತೆಗೆದ. ತಮ್ಮ ಕಂಡದ್ದು ಪಟ್ಟಿಯ ಮೇಲಿದ್ದ ಅಣ್ಣನ ಕೈ. ಅಣ್ಣನೇ ಬಿಗಿದುಬಿಟ್ಟ, ಇನ್ನು ನಾನು ಎಳೆದು ನೋಡಿದರೆ ಅವನಿಗೆ ಏನನ್ನಿಸೀತು ಎಂದುಕೊಂಡ.

ಇಬ್ಬರೂ ಕಾರು ಹತ್ತಿದರು. ದಾರಿಯುದ್ದಕ್ಕೂ ಮಾತಾಡಿದರು. ಯಾವ ಹೋಟೆಲಿನ ಚಟ್ನಿ ಚೆಂದ, ಯಾವ ಭಾವನಿಗೆ ಕಿವಿ ಕೇಳುವುದಿಲ್ಲ, ಎಲ್ಲವೂ ಬಂತು. ಪಟ್ಟಿಯ ಮಾತೊಂದು ಬರಲಿಲ್ಲ.

ರಸ್ತೆಯ ಉಬ್ಬೊಂದನ್ನು ಹಾಯುವಾಗ ಒಂದು ಸೈಕಲ್ ಕಳಚಿ ಬಿತ್ತು. ಹಿಂದೆ ಒಂದು ಸ್ಕೂಟರ್ ಬರುತ್ತಿತ್ತು, ಗಂಡ ಓಡಿಸುತ್ತಿದ್ದ, ಹೆಂಡತಿ ಹಿಂದೆ ಕೂತಿದ್ದಳು. ಸ್ಕೂಟರ್ ಸೈಕಲ್ಲಿಗೆ ತಗುಲಿ ಉರುಳಿತು. ಗಂಡನ ಮೊಣಕೈ ತರಚಿತು. ಹೆಂಡತಿ ಏಳಲಿಲ್ಲ.

ಅಣ್ಣತಮ್ಮಂದಿರು ಓಡಿ ಬಂದರು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಇದನ್ನು ಕಟ್ಟಿದವರು ಯಾರು?" ಎಂದು ಕೇಳಿದ.

"ಇವನು ಆಯ್ತು ಅಂದ," ಎಂದ ಅಣ್ಣ.

"ಅಣ್ಣನ ಕೈ ಅಲ್ಲೇ ಇತ್ತು," ಎಂದ ತಮ್ಮ.

ಗಂಡ ಇಬ್ಬರ ಮುಖವನ್ನೂ ನೋಡಿದ. "ಒಂದೇ ಕಾರಿನಲ್ಲಿ ಕೂತು ಬಂದಿರಲ್ಲ. ಒಂದು ಮಾತು ಕೇಳಿಕೊಳ್ಳಲು ಏನಾಗಿತ್ತು?" ಎಂದ.

ಒಬ್ಬರ ಮೇಲೊಬ್ಬರಿಗೆ ಇದ್ದದ್ದು ಮರ್ಯಾದೆ ಮತ್ತು ನಂಬಿಕೆ. ಅದನ್ನು ಆ ಹೆಂಗಸಿನ ಮುಂದೆ ಹೇಳುವುದು ಹೇಗೆ?

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತನ್ನ ಪ್ರಶ್ನೆಯ ಉತ್ತರ ಸಿಕ್ಕಿತ್ತು, ಆದರೆ ಕತೆ ಸಾಲಲಿಲ್ಲ.

"ಆ ಗಂಡ ಅವರನ್ನು ಕ್ಷಮಿಸಿದನೇ?" ಎಂದ.

"ಕ್ಷಮಿಸಿದೆನಪ್ಪ," ಎಂದರು ಗುರುಗಳು, "ಅವಳನ್ನು ಒಂದು ಮಾತು ಕೇಳಿ ಕ್ಷಮಿಸೋಣವೆಂದರೆ, ಅವಳಿರಲಿಲ್ಲ."

ಶಿಷ್ಯನ ಕಣ್ಣು ಗುರುಗಳ ಮೊಣಕೈಯ ಹಳೆಯ ಕಲೆಯತ್ತ ಹೋಯಿತು. ಆ ಅಪಘಾತ ನಡೆದದ್ದು 2011ನೆಯ ಇಸವಿ, ಜನವರಿ ಹದಿನಾರು, ಭಾನುವಾರ.