ಮೊಲ ಕಾದ ಹುಲ್ಲು

ಬೋಳಾಗಿದ್ದ ಗುಡ್ಡದಲ್ಲಿ ಮತ್ತೆ ಹುಲ್ಲು ಬೆಳೆಸಲು ಪ್ರಾಣಿಗಳೆಲ್ಲ ಸೇರಿ ಬೀಜ ಬಿತ್ತಿ, ಮೊಲವನ್ನು ಕಾವಲಿಗಿಟ್ಟವು. ಹುಲ್ಲು ಚಿಗುರಿದ ಹೊತ್ತಿಗೆ ಜಿಂಕೆಯೊಂದು ಬಂದಿತು.

“ಮೊಲದಣ್ಣ, ಹಸಿವಿಗೆ ಕೆಚ್ಚಲು ಬತ್ತಿದೆ. ಮರಿ ಸಾಯುತ್ತಿದೆ. ಒಂದಿಷ್ಟು ಮೇಯಲು ಬಿಡು.”

“ಬೇರು ಇಳಿಯುವ ಮೊದಲೇ ಮೇಯ್ದರೆ ಮಳೆಗೆ ಮಣ್ಣೇ ಕೊಚ್ಚಿಹೋಗುತ್ತದೆ, ತಾಯಿ. ನಿನಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು,” ಎಂದಿತು ಮೊಲ.

ಮರಿ ಸತ್ತಿತು.

ಮಳೆಗಾಲದಲ್ಲಿ ಮಣ್ಣು ನಿಂತಿತು, ಹಳ್ಳದಲ್ಲಿ ತಿಳಿನೀರು ಹರಿಯಿತು, ಗುಡ್ಡವೆಲ್ಲ ಹಸಿರಾಯಿತು. ಹಿಂಡು ಮೇಯಲು ಬಂದಾಗ ಮೊಲ ಆ ಜಿಂಕೆಯ ಬಳಿಗೆ ಹೋಗಿ, “ಈಗ ಹೊಟ್ಟೆತುಂಬ ಮೇಯಿ, ತಾಯಿ,” ಎಂದಿತು.

ಜಿಂಕೆ ತಲೆಯೆತ್ತಿತು. “ನೀನು ಮಾಡಿದ್ದು ಸರಿ. ಆದರೆ ಇನ್ನೆಂದೂ ನನ್ನ ಕಣ್ಣಿಗೆ ಬೀಳಬೇಡ.”

ಮೊಲ ಗುಡ್ಡ ಇಳಿದು ಹೋಯಿತು. ಆ ಹುಲ್ಲಿನ ರುಚಿ ಹೇಗಿದೆಯೆಂದು ಅದಕ್ಕೆ ಗೊತ್ತಾಗಲೇ ಇಲ್ಲ.