ಮೂರುಕೂಗಿನ ಗುಡ್ಡ

ಬಿಳಿಹೊಳೆ ಕಡಲನ್ನು ಸೇರುವ ಕಡೆ ಎರಡು ಕಡಿದಾದ ಗುಡ್ಡಗಳು ನೀರಿನಿಂದಲೇ ಎದ್ದು ನಿಂತಿವೆ. ನಡುವಿನ ಅಳಿವೆ ಇಕ್ಕಟ್ಟು, ಆದರೆ ಆಳವಾದದ್ದು. ತೆಂಕಣ ಗುಡ್ಡದ ಬುಡದಲ್ಲಿ ಒಂದು ಕರಿಬಂಡೆ, ಅದರ ಪಕ್ಕದಲ್ಲಿ ಅಂಬಿಗರ ನಾಲ್ಕು ಮನೆ. ಈ ಗುಡ್ಡಕ್ಕೆ ಮೂರುಕೂಗಿನ ಗುಡ್ಡ ಎಂದು ಹೆಸರು. ಇಲ್ಲಿ ಕೂಗಿದರೆ ಮೂರು ಸಲ ಮಾರ್ದನಿ ಬರುತ್ತದೆ ಎಂದು ಪ್ರವಾಸಿಗರ ಕೈಪಿಡಿಯಲ್ಲಿ ಅಚ್ಚಾಗಿದೆ. ನಾನೇ ಹೋಗಿ ಕೂಗಿ ನೋಡಿದ್ದೇನೆ. ಒಂದೇ ಸಲ ಬರುತ್ತದೆ.

ಹಿಂದೆ, ಈ ಕರಾವಳಿಗೆ ಮೋಟಾರು ರಸ್ತೆ ಬರುವ ಮೊದಲು, ಮುಂಬಯಿಗೂ ಮಂಗಳೂರಿಗೂ ನಡುವೆ ಜನರನ್ನು ಒಯ್ಯುತ್ತಿದ್ದ ಚಂದ್ರಾವಳಿ ಎಂಬ ಚಿಕ್ಕ ಹೊಗೆಹಡಗು ಉಬ್ಬರ ನೋಡಿಕೊಂಡು ಈ ಅಳಿವೆಯೊಳಗೆ ಬರುತ್ತಿತ್ತು ಎನ್ನುತ್ತಾರೆ. ಇಲ್ಲಿನ ಅಂಬಿಗರಲ್ಲಿ ಒಂದು ಕಟ್ಟಳೆಯಿತ್ತು: ಮುಖ ಕಾಣದವರು ಕರೆದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ದೆವ್ವಕ್ಕೆ ಅಷ್ಟು ತಾಳ್ಮೆಯಿಲ್ಲ. ಬೀರಮ್ಮ ಎಂಬವಳ ಹಿರಿಯ ಮಗ ಮೊದಲ ಕೂಗಿಗೇ ಓಗೊಟ್ಟು ಮಂಜಿನಲ್ಲಿ ದೋಣಿ ಬಿಟ್ಟವನು ಮರಳಿರಲಿಲ್ಲ.

ಪುಷ್ಯಮಾಸದ ಒಂದು ಬೆಳಗ್ಗೆ ಎದುರಿನ ದಡವೂ ಕಾಣದಷ್ಟು ಮಂಜು. ಬೀರಮ್ಮನೂ ಅವಳ ಕಿರಿಯ ಸೊಸೆ ಸೋಮಿಯೂ ಬಂಡೆಯ ಬಳಿ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದಾಗ, ತೀರ ಹತ್ತಿರದಲ್ಲಿ ಹಡಗು ಒಮ್ಮೆ ಕೂಗಿತು.

“ಸುಮ್ನಿರು. ಮೂರಾಗ್ಲಿ” ಎಂದಳು ಅತ್ತೆ.

“ಮೂರಾಗೂದ್ರೊಳಗೆ ಹಡಗು ಕಲ್ಲಿಗೆ ಬಡೀತದೆ ಅತ್ತೆ. ದೆವ್ವಕ್ಕೆ ಕಲ್ಲಿದ್ದಲ ವಾಸ್ನೆ ಇರ್ತದ್ಯೇ?” ಎಂದ ಸೋಮಿ ಬಂಡೆ ಏರಿ, “ಕಲ್ಲು! ಇಲ್ಲಿ ಕಲ್ಲು!” ಎಂದು ಕಿರುಚಿದಳು. ಹಡಗು ಬಂಡೆಗೆ ಎರಡೇ ಮಾರು ದೂರದಲ್ಲಿ ನಿಂತಿತು. ನೂರಿಪ್ಪತ್ತು ಜನ ಉಳಿದರು.

ಬೀರಮ್ಮ ಮಾತ್ರ ಅಂದಿನಿಂದ ಸೊಸೆಯ ಕೈಯ ನೀರು ಮುಟ್ಟಲಿಲ್ಲ. “ಬಂದದ್ದು ಹಡಗೇ ಸೈ. ಕೂಗಿದ್ದೂ ಅದೇ ಅಂತ ಹ್ಯಾಂಗೆ ಹೇಳ್ತೀಯೆ? ನಿನ್ನ ದನಿ ಹಿಡಿದು ದೆವ್ವ ಮನೆಗೆ ಬರ್ತದೆ” ಎಂದು ಅವಳನ್ನು ಒಳಗೆ ಸೇರಿಸದೆ ಹೊರಗಿನ ಜಗಲಿಯಲ್ಲೇ ಇರಿಸಿದಳು. ಈ ಸುದ್ದಿ ಹಡಗು ನಡೆಸುತ್ತಿದ್ದ ತಾಂಡೇಲ ಹಸನಬ್ಬನಿಗೆ ಮುಟ್ಟಿತು. ಮುಂದಿನ ಸಲ ಬಿಸಿಲು ಬೆಳಗುತ್ತಿತ್ತು, ಕೂಗುವ ಅಗತ್ಯವೇ ಇರಲಿಲ್ಲ. ಆದರೂ ಅವನು ಬಂಡೆಯ ಎದುರು ಹಡಗು ನಿಲ್ಲಿಸಿ ಒಮ್ಮೆ ಕೂಗಿಸಿದ, ತಡೆದು ಮತ್ತೊಮ್ಮೆ, ಇನ್ನೂ ತಡೆದು ಮೂರನೆಯದು. ಬೀರಮ್ಮ ಅಂಗಳಕ್ಕೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಹಡಗನ್ನು ತುದಿಯಿಂದ ತುದಿಗೆ ನೋಡಿದಳು. ಕೊನೆಗೆ “ಓ...” ಎಂದು ಓಗೊಟ್ಟಳು. ಆಮೇಲೆ ಜಗಲಿಯ ಕಡೆ ತಿರುಗಿ, “ಗಂಟಲು ಒಣಗ್ತು. ಒಂದು ಚೆಂಬು ನೀರು ತಾರೆ” ಎಂದಳಂತೆ.

ಗುಡ್ಡಕ್ಕೆ ಹೆಸರು ಬಿದ್ದದ್ದು ಅಂದು. ಚಂದ್ರಾವಳಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಈಗ ಪ್ರವಾಸಿಗರ ಲಾಂಚು ಅದೇ ಬಂಡೆಯ ಎದುರು ಮೂರು ಸಲ ಹಾರನ್ ಹೊಡೆಯುತ್ತದೆ. ಮೊದಲೆರಡಕ್ಕೆ ಗುಡ್ಡವಷ್ಟೇ ಮಾರ್ದನಿ ಕೊಡುತ್ತದೆ. ಮೂರನೆಯದಕ್ಕೆ ಆ ನಾಲ್ಕು ಮನೆಗಳಿಂದ ಯಾರಾದರೊಬ್ಬರು, ಕೈಯ ಕೆಲಸ ಬಿಡದೆಯೇ, “ಓ” ಎನ್ನುತ್ತಾರೆ.